ಮೂರು ಗಂಟೆಯ ಬಿಸಿ ರೊಟ್ಟಿ

ಎರ್ಲಿಂದಕ್ಕ ಭಾಗಾಕಾರವನ್ನು ಏಳು ಸಲ ಕಲಿತಳು. ಪ್ರತಿ ವರ್ಷ ಅಕ್ಟೋಬರ್ ಕೊನೆಗೆ ಮೊದಲಿನಿಂದ ಶುರು ಮಾಡಿ, ಮಾರ್ಚ್ ಮುಗಿಯುವ ಹೊತ್ತಿಗೆ ಮೂರಂಕಿಯ ಲೆಕ್ಕಕ್ಕೆ ಬಂದಿರುತ್ತಿದ್ದಳು. ಏಪ್ರಿಲ್‌ನ ಮೊದಲ ಭಾನುವಾರ ದೇಶದ ಗಡಿಯಾರಗಳು ಒಂದು ಗಂಟೆ ಮುಂದಕ್ಕೆ ಹೋಗುತ್ತಿದ್ದವು. ಸೋಮವಾರದಿಂದ ಅವಳು ಪಾಠಕ್ಕೆ ಬರುತ್ತಿರಲಿಲ್ಲ. ಅಕ್ಟೋಬರ್‌ನಲ್ಲಿ ಗಡಿಯಾರ ಹಿಂದಕ್ಕೆ ಬಂದ ಮೇಲೆ ಅದೇ ನೋಟುಬುಕ್ಕು ಹಿಡಿದು ಬಂದು ಅದೇ ಬೆಂಚಿನಲ್ಲಿ ಕೂರುತ್ತಿದ್ದಳು. ಅಷ್ಟರಲ್ಲಿ ಭಾಗಾಕಾರ ತಲೆಯಿಂದ ಹೋಗಿರುತ್ತಿತ್ತು.

ಪಾಠ ಹೇಳುತ್ತಿದ್ದವಳು ನಾನು. ನಮ್ಮ ಬೆಟ್ಟದೂರು ಸಾನ್ ಲೂಕಾಸ್ ಅಕುಂದಾರೊದಲ್ಲಿ ಒಂಬತ್ತನೆಯ ತರಗತಿ ಮುಗಿಸಿದ್ದ ಹುಡುಗಿಯರು ಮೂವರೇ. ಉಳಿದಿಬ್ಬರಿಗೆ ಮದುವೆಯಾಗಿತ್ತು. ಹಾಗಾಗಿ ದೊಡ್ಡವರಿಗೆ ಓದು ಬರಹ ಕಲಿಸುವ ಸರ್ಕಾರದ ಯೋಜನೆ ಬಂದಾಗ ಸೀಮೆಸುಣ್ಣದ ಡಬ್ಬ ನನ್ನ ಪಾಲಿಗೆ ಬಂತು. ಶಾಲೆಯ ಕೋಣೆ ಸಂಜೆ ನಾಲ್ಕರಿಂದ ಐದೂವರೆಯವರೆಗೆ ಮಾತ್ರ ಸಿಗುತ್ತಿತ್ತು. ಆಮೇಲೆ ಹೆಡ್‌ಮಾಸ್ಟರು ಬೀಗ ಹಾಕಿಕೊಂಡು ಉರುವಾಪಾನ್ ಪಟ್ಟಣಕ್ಕೆ ಹೋಗುವ ಕೊನೆಯ ವ್ಯಾನು ಹತ್ತುತ್ತಿದ್ದರು. ನಾಲ್ಕು ಎಂದರೆ ಸರ್ಕಾರದ ನಾಲ್ಕು.

ಬೇಸಿಗೆಯಲ್ಲಿ ಸರ್ಕಾರದ ನಾಲ್ಕು ಎಂದರೆ ನಮ್ಮೂರ ಮೂರು. ಮೂರು ಎಂದರೆ ಎರ್ಲಿಂದಕ್ಕನ ಗಂಡ ಕಾಯೆತಾನೊ ಊಟಕ್ಕೆ ಕೂರುವ ಹೊತ್ತು.

ಈ ಗಂಟೆ ಬದಲಿಸುವ ಪದ್ಧತಿ ೧೯೯೬ರಲ್ಲಿ ಬಂತು. ಸಂಜೆ ಬೆಳಕು ಹೆಚ್ಚು ಹೊತ್ತು ಇರುತ್ತದೆ, ಕರೆಂಟು ಉಳಿಯುತ್ತದೆ ಎಂದು ರೇಡಿಯೊದಲ್ಲಿ ದಿನವೂ ಹೇಳಿದರು. ನಮ್ಮೂರ ಗಂಡಸರು ಸಭೆ ಸೇರಿದರು. ಪ್ರತಿ ಮನೆಯಿಂದ ಒಬ್ಬ ಯಜಮಾನ, ನೂರ ಹದಿನೆಂಟು ಜನ. ವಿಧವೆಯರು ಹಿಂದಿನ ಬೆಂಚಿನಲ್ಲಿ ಕೂತು ಕೇಳಬಹುದು, ಕೈ ಎತ್ತುವ ಹಾಗಿಲ್ಲ. ಉಳಿದ ಹೆಂಗಸರು ಸಭೆಯ ದಿನ ಕಾಫಿ ಕಾಸುತ್ತಾರೆ.

"ಸೂರ್ಯ ಏನು ಸರ್ಕಾರಿ ನೌಕರನಾ, ಇವರು ಬೇಗ ಬಾ ಅಂದ್ರೆ ಬರೋಕೆ?" ಎಂದು ಹಿರಿಯರೊಬ್ಬರು ಕೇಳಿದರು. ಎಲ್ಲರೂ ನಕ್ಕರು. ನೂರ ಹದಿನೆಂಟು ಕೈ ಮೇಲೆ ಹೋದವು. ಅಂದಿನಿಂದ ನಮ್ಮೂರಲ್ಲಿ ದೇವರ ಗಂಟೆಯೇ ನಡೆಯುತ್ತದೆ ಎಂದಾಯಿತು. ಇಗರ್ಜಿಯ ಗಂಟೆ, ಗಿರಣಿ, ಹೊಲ, ಕಾಡು, ಸಭೆ, ಮದುವೆ, ಸಾವು ಎಲ್ಲ ಹಳೇ ಗಂಟೆಗೆ. ಶಾಲೆ, ಆಸ್ಪತ್ರೆ, ಪಟ್ಟಣದ ವ್ಯಾನು ಹೊಸ ಗಂಟೆಗೆ. ಯಾರು ಯಾವ ಹೊತ್ತು ಹೇಳಿದರೂ ಎದುರಿನವರು "ಹಳೇದಾ, ಹೊಸದಾ?" ಎಂದು ಕೇಳುವುದು ಅಭ್ಯಾಸವಾಯಿತು.

ಕಾಯೆತಾನೊ ಪೈನ್ ಮರದಿಂದ ರಾಳ ತೆಗೆಯುವವನು. ಬೆಳಿಗ್ಗೆ ಆರೂವರೆಗೆ ಉಂಡು ಕಾಡಿಗೆ ಹೋಗಿ, ಮರಗಳ ಗಾಯ ಕೆರೆದು, ಡಬ್ಬಿಯಲ್ಲಿ ಕೂಡಿದ ರಾಳ ಸುರಿದುಕೊಂಡು ಮೂರಕ್ಕೆ ಬರುತ್ತಿದ್ದ. ಅವನ ಆರೂವರೆ, ಅವನ ಮೂರು, ರಾತ್ರಿ ಊಟದ ಎಂಟು, ಎಲ್ಲ ಹಳೇ ಗಂಟೆ. ಮಕ್ಕಳ ಶಾಲೆಯ ಎಂಟು ಹೊಸ ಗಂಟೆ. ಚಳಿಗಾಲದಲ್ಲಿ ಎರಡೂ ಒಂದೇ ಆದ್ದರಿಂದ ಎರ್ಲಿಂದಕ್ಕ ಐದಕ್ಕೆ ಏಳುತ್ತಿದ್ದಳು. ಬೇಸಿಗೆಯಲ್ಲಿ ಮಕ್ಕಳು ಒಂದು ಗಂಟೆ ಮೊದಲು ಹೊರಡಬೇಕು. ಅವಳು ಹಳೇ ನಾಲ್ಕಕ್ಕೆ ಏಳತೊಡಗಿದಳು. ರಾತ್ರಿ ಮಾತ್ರ ಗಂಡನ ಊಟ ಮುಗಿಸಿ, ಪಾತ್ರೆ ತೊಳೆದು, ಮರುದಿನದ ಮೆಕ್ಕೆಜೋಳವನ್ನು ಸುಣ್ಣದ ನೀರಿನಲ್ಲಿ ಬೇಯಲು ಇಟ್ಟು ಮಲಗುವಾಗ ಎಂದಿನ ಹೊತ್ತೇ ಆಗಿರುತ್ತಿತ್ತು. ಹೀಗೆ ವರ್ಷಕ್ಕೆ ಏಳು ತಿಂಗಳು ಬೆಳಿಗ್ಗೆ ಸರ್ಕಾರದ ಗಂಟೆಗೆ ಎದ್ದು ರಾತ್ರಿ ದೇವರ ಗಂಟೆಗೆ ಮಲಗುವುದಾಯಿತು. ಆ ಮನೆಯಲ್ಲಿ ಮತ್ತೆ ಯಾರ ನಿದ್ದೆಯೂ ಕಡಿಮೆಯಾಗಲಿಲ್ಲ. ಕರೆಂಟು ಉಳಿಸುವ ಗಂಟೆಗೋಸ್ಕರ ಅವಳ ಅಡುಗೆಮನೆಯ ಒಂದೇ ಬಲ್ಬು ನಾಲ್ಕರಿಂದ ಉರಿಯುತ್ತಿತ್ತು.

ಅವಳ ತಮ್ಮ ಎವಾರಿಸ್ತೊ ವಾಯವ್ಯದ ಸೊನೋರಾದಲ್ಲಿ ದ್ರಾಕ್ಷಿ ತೋಟದ ಕೆಲಸಕ್ಕಿದ್ದ. ಆ ರಾಜ್ಯದಲ್ಲಿ ಗಡಿಯಾರ ಮುಟ್ಟುವುದೇ ಇಲ್ಲ. ಗಡಿಯಾಚೆಯ ನೆರೆಯವರೂ ಮುಟ್ಟುವುದಿಲ್ಲವಾದ್ದರಿಂದ ವ್ಯಾಪಾರಕ್ಕೆ ಅದೇ ಅನುಕೂಲವಂತೆ. ಅವನು ಭಾನುವಾರ ತನ್ನ ಹತ್ತು ಗಂಟೆಗೆ ಫೋನು ಮಾಡುತ್ತಿದ್ದ. ಇಲ್ಲಿ ಅದು ಚಳಿಗಾಲದಲ್ಲಿ ಹನ್ನೊಂದು. ಬೇಸಿಗೆಯಲ್ಲಿ ಫೋನ್ ಅಂಗಡಿಯ ಗಡಿಯಾರದಲ್ಲಿ ಹನ್ನೆರಡು, ಮನೆಯ ಗಡಿಯಾರದಲ್ಲಿ ಹನ್ನೊಂದೇ. ಅಂಗಡಿಯವನು ಮೈಕಿನಲ್ಲಿ "ಎರ್ಲಿಂದಾ ಎಕೀವಾ, ಫೋನಿಗೆ ಬಾ" ಎಂದು ಕೂಗುವ ಮೊದಲೇ ಅವಳು ಅಲ್ಲಿ ನಿಂತಿರುತ್ತಿದ್ದಳು. ಭಾಗಾಕಾರ ಬರದವಳು ಮೂರು ಗಡಿಯಾರಗಳ ಲೆಕ್ಕವನ್ನು ಒಮ್ಮೆಯೂ ತಪ್ಪಲಿಲ್ಲ.

"ಸೊನೋರಾದೋರು ಗಂಡಸರು ಕಣೆ. ಗಡಿಯಾರ ಮುಟ್ಲಿಲ್ಲ" ಎಂದು ಕಾಯೆತಾನೊ ಒಮ್ಮೆ ಅಂದ.

"ಯಾರೂ ಮುಟ್ಟದೇ ಇದ್ರೂ ಆಗ್ತಿತ್ತು. ಎಲ್ಲಾರೂ ಒಟ್ಟಿಗೆ ಮುಟ್ಟಿದ್ರೂ ಆಗ್ತಿತ್ತು" ಎಂದಳು ಅವಳು. ಅವನಿಗೆ ಅದು ಅರ್ಥವಾದ ಹಾಗೆ ಕಾಣಲಿಲ್ಲ.

ಮೊದಲ ಏಪ್ರಿಲ್‌ನಲ್ಲಿ ನಾನೇ ಅವಳ ಮನೆಗೆ ಹೋಗಿ ಕೇಳಿದ್ದೆ. ಅವಳ ಅತ್ತೆ ದೋನ್ಯಾ ಇಲಾರಿಯಾ ಒಲೆಯ ಪಕ್ಕ ಕೂತು ಮೆಣಸಿನಕಾಯಿ ತೊಟ್ಟು ಬಿಡಿಸುತ್ತಿದ್ದರು.

"ಅಜ್ಜಿ, ಅಕ್ಕ ರೊಟ್ಟಿ ಮಾಡಿ ಬಟ್ಟೆಯಲ್ಲಿ ಸುತ್ತಿಟ್ಟು ಬರಬಹುದಲ್ಲ. ಒಂದೂವರೆ ಗಂಟೆ ಅಷ್ಟೆ."

"ಸುತ್ತಿಟ್ಟ ರೊಟ್ಟಿ ತಿನ್ನೋಕೆ ನನ್ನ ಮಗ ಏನು ಹೆಂಡ್ತಿ ಸತ್ತೋನಾ?"

"ನೀವು ಒಂದಿನ ಹೆಂಚಿನ ಮುಂದೆ ಕೂತ್ರೆ?"

"ನಲವತ್ತು ವರ್ಷ ಕೂತಿದೀನಿ ಕೂಸೆ. ನನ್ನ ಕಣ್ಣು ನೋಡು, ಹೊಗೆ ತಿಂದು ತಿಂದು ಏನಾಗಿದೆ ಅಂತ. ನೀನು ಮದುವೆ ಆಗು ಮೊದ್ಲು, ಆಮೇಲೆ ಬಂದು ಬುದ್ಧಿ ಹೇಳು."

ಮುದುಕಿಯ ಕಣ್ಣು ನಿಜಕ್ಕೂ ಹೋಗಿತ್ತು. ನಮ್ಮಲ್ಲಿ ಗಂಡಸು ಉಣ್ಣುವಾಗ ಹೆಂಗಸು ಹೆಂಚಿನ ಮುಂದೆ ಇರಬೇಕು. ಒಂದೊಂದೇ ರೊಟ್ಟಿ ತಟ್ಟಿ, ಉಬ್ಬಿಸಿ, ಕೈಗೆ ಕೊಡಬೇಕು. ಅವನು ಸಾಕು ಎನ್ನುವವರೆಗೆ ಏಳುವ ಹಾಗಿಲ್ಲ. ಕಾಯೆತಾನೊ ಸಾಮಾನ್ಯವಾಗಿ ಹನ್ನೊಂದು ತಿನ್ನುತ್ತಿದ್ದ.

ಎರ್ಲಿಂದಕ್ಕ ನನ್ನನ್ನು ಬಾಗಿಲವರೆಗೆ ಬಿಡಲು ಬಂದು "ಅಕ್ಟೋಬರ್‌ಗೆ ಬರ್ತೀನಿ ಬಿಡು" ಎಂದಳು. ಒಂದು ವರ್ಷ ಮಾತ್ರ ಸರ್ಕಾರ ಏಪ್ರಿಲ್ ಬದಲು ಮೇ ತಿಂಗಳಲ್ಲಿ ಗಡಿಯಾರ ಮುಂದಿಟ್ಟು ಸೆಪ್ಟೆಂಬರ್‌ನಲ್ಲೇ ಹಿಂದಿಟ್ಟಿತು. ಆ ವರ್ಷ ಅವಳಿಗೆ ಎರಡು ತಿಂಗಳು ಹೆಚ್ಚು ಸಿಕ್ಕಿ ಭಿನ್ನರಾಶಿಯವರೆಗೆ ಹೋದಳು. ಮರುವರ್ಷ ಮತ್ತೆ ಏಪ್ರಿಲ್ ಆಯಿತು.

ಅವಳಿಗೆ ಆರನೆಯ ತರಗತಿಯ ಸರ್ಟಿಫಿಕೇಟು ಯಾಕೆ ಬೇಕು ಎಂದು ಆರು ವರ್ಷ ನಾನು ಕೇಳಿರಲಿಲ್ಲ. ೨೦೦೨ರ ಡಿಸೆಂಬರ್‌ನಲ್ಲಿ ಊರ ಸಣ್ಣ ಆಸ್ಪತ್ರೆಯ ಆಯಾ ಕೆಲಸ ಬಿಟ್ಟು ಮಗಳ ಊರಿಗೆ ಹೋಗುತ್ತಾಳೆಂಬ ಸುದ್ದಿ ಬಂತು. ನಮ್ಮ ಪುರೆಪೆಚಾ ಮಾತು ಬರುವ ಹೆಂಗಸೇ ಬೇಕು, ಆರನೆಯ ತರಗತಿ ಪಾಸಾಗಿರಬೇಕು ಎಂದು ಡಾಕ್ಟರಮ್ಮ ಹೇಳಿದರು. ಎರ್ಲಿಂದಕ್ಕ ಆಸ್ಪತ್ರೆಗೆ ಹೋಗಿ ಕೇಳಿದಳು.

"ಮೇ ತಿಂಗಳವರೆಗೆ ಜಾಗ ಖಾಲಿ ಇಟ್ಟಿರ್ತೀನಮ್ಮ. ಅದಕ್ಕಿಂತ ಹೆಚ್ಚು ನನ್ನ ಕೈಲಾಗಲ್ಲ. ಕಾಗದ ತಗೊಂಡು ಬಾ" ಎಂದರಂತೆ ಡಾಕ್ಟರಮ್ಮ.

ಆರನೆಯ ತರಗತಿಯ ಪರೀಕ್ಷೆ ಏಪ್ರಿಲ್ ಆರರ ಭಾನುವಾರ ಇತ್ತು. ಅದಾದ ಮೇಲಿನದು ನವೆಂಬರ್‌ನಲ್ಲಿ. ಅಂದರೆ ಅವಳಿಗೆ ಇದ್ದದ್ದು ಇದೊಂದೇ.

ಆ ಚಳಿಗಾಲ ಅವಳು ಒಂದು ಪಾಠವನ್ನೂ ತಪ್ಪಿಸಲಿಲ್ಲ. ಜೋಳ ಬೇಯುವಾಗ ಒಲೆಯ ಬೂದಿಯಲ್ಲಿ ಕಡ್ಡಿಯಿಂದ ಲೆಕ್ಕ ಬಿಡಿಸುತ್ತಿದ್ದಳು. ಒಮ್ಮೆ ಪಾಠ ಮುಗಿದ ಮೇಲೆ ಅವಳು ಶಾಲೆಯ ಕೋಣೆ ಗುಡಿಸುತ್ತಿದ್ದಾಗ ನಾನು ಕೇಳಿದೆ.

"ಅಕ್ಕಾ, ಆಸ್ಪತ್ರೆಯಲ್ಲೂ ನೆಲ ಒರೆಸೋದೇ ಅಲ್ವಾ? ಮನೇಲಿ ಮಾಡೋದನ್ನೇ ಅಲ್ಲೂ ಮಾಡೋಕೆ ಇಷ್ಟು ಕಷ್ಟ ಯಾಕೆ?"

ಅವಳು ಪೊರಕೆಯನ್ನು ಗೋಡೆಗೆ ಒರಗಿಸಿದಳು. "ಅಲ್ಲಿ ಎಂಟಕ್ಕೆ ಶುರು, ಎರಡಕ್ಕೆ ಮುಗೀತು. ಹಳೇ ಆಯಾ ಎರಡು ಹೊಡೆದ ತಕ್ಷಣ ಬಕೆಟ್ಟು ಮಗುಚಿ ಇಟ್ಟುಬಿಡ್ತಾಳೆ, ಅರ್ಧ ಕೋಣೆ ಒರೆಸಿದ್ರೂ ಸರಿ. ನಾನು ನೋಡಿದೀನಿ. ಕೆಲಸ ಮುಗೀತು ಅಂತ ಒಬ್ರು ಹೇಳೋದು ಹೇಗಿರುತ್ತೆ ನೋಡ್ಬೇಕು ನಂಗೆ."

"ಕಾಯೆತಾನಣ್ಣ ಒಪ್ಪಿದ್ದಾನಾ?"

"ಹೊಸ ಎರಡು ಅಂದ್ರೆ ಹಳೇ ಒಂದು. ಮೂರಕ್ಕೆ ರೊಟ್ಟಿ ಸಿಗುತ್ತೆ. ಅವನಿಗೇನು ತಕರಾರು?"

ಪರೀಕ್ಷೆಗೆ ನಮ್ಮೂರಿಂದ ಹೋಗುವವರು ಇಬ್ಬರು, ಎರ್ಲಿಂದಕ್ಕ ಮತ್ತು ದೆಲ್ಫೀನಾ. ದೆಲ್ಫೀನಾ ವಿಧವೆ, ನಲವತ್ತು ದಾಟಿದವಳು, ಮಗಳಿಬ್ಬರೂ ಮದುವೆಯಾಗಿ ಹೋಗಿದ್ದರು. ಅದೇ ಅಕ್ಟೋಬರ್‌ನಲ್ಲಿ ಸೇರಿ ತಮಾಷೆ ಮಾಡಿಕೊಂಡೇ ಕಲಿತಿದ್ದಳು. ಪರೀಕ್ಷೆ ಉರುವಾಪಾನ್‌ನ ಒಂದು ಶಾಲೆಯಲ್ಲಿ, ಹೊಸ ಗಂಟೆ ಒಂಬತ್ತಕ್ಕೆ. ಆಮೇಲೆ ಬಂದವರನ್ನು ಒಳಗೆ ಬಿಡುವುದಿಲ್ಲ ಎಂದು ಕಾಗದದಲ್ಲಿ ಬರೆದಿತ್ತು. ವ್ಯಾನು ಊರಿಂದ ಹೊಸ ಏಳಕ್ಕೆ ಹೊರಟು ಎಂಟಕ್ಕೆ ಪಟ್ಟಣ ಸೇರುತ್ತದೆ. ಬೇಕಾದಷ್ಟು ಹೊತ್ತು ಇತ್ತು. ಗಡಿಯಾರ ಬದಲಾಗುವುದೂ ಅದೇ ಭಾನುವಾರವೇ, ಆದರೆ ಅದು ಎರ್ಲಿಂದಕ್ಕನಿಗೆ ಹೊಸ ಲೆಕ್ಕ ಏನಲ್ಲ.

ಶನಿವಾರ ಸಂಜೆ ಊರ ಸಭೆ ಸೇರಿತು. ಎಂಟು ಹೊಡೆದ ಮೇಲೆ ಕಾಯೆತಾನೊ ಮನೆಗೆ ಬಂದ. ನಾನು ಪೆನ್ಸಿಲು, ರಬ್ಬರು ಕೊಡಲು ಹೋಗಿದ್ದವಳು ಅಲ್ಲೇ ಇದ್ದೆ. ಅವನು ಖುಷಿಯಲ್ಲಿದ್ದ. ಕೂತು ಮೊದಲ ರೊಟ್ಟಿ ಮುರಿದ.

"ನಾಳೆಯಿಂದ ವ್ಯಾನುಗಳೂ ದೇವರ ಗಂಟೆಗೇ ಓಡ್ಬೇಕು ಅಂತ ಆಯ್ತು. ಏಳು ವರ್ಷ ಸುಮ್ನಿದ್ವಿ. ನಮ್ಮೂರಿಂದ ಹೊರಡೋ ಗಾಡಿ ನಮ್ಮ ಗಂಟೆಗೆ ಹೊರಡ್ಬೇಕು ತಾನೆ? ಒಬ್ಬನೂ ಬೇಡ ಅನ್ಲಿಲ್ಲ. ಎಲ್ಲಾರೂ ಕೈ ಎತ್ತಿದ್ವಿ."

ಎರ್ಲಿಂದಕ್ಕ ಹೆಂಚಿನ ಮೇಲಿನ ರೊಟ್ಟಿ ತಿರುವಿದಳು. "ನಾಳೆಯಿಂದ್ಲಾ?"

"ನಾಳೆಯಿಂದ್ಲೇ. ಗಡಿಯಾರ ಬದಲಾಗೋ ದಿನಾನೇ ತೋರಿಸ್ಬೇಕು ಅವರಿಗೆ."

ಹಳೇ ಏಳಕ್ಕೆ ಹೊರಟರೆ ಹೊಸ ಎಂಟು. ಪಟ್ಟಣ ಮುಟ್ಟುವಾಗ ಒಂಬತ್ತು. ಬಸ್ ನಿಲ್ದಾಣದಿಂದ ಶಾಲೆಗೆ ಇಪ್ಪತ್ತು ನಿಮಿಷ ನಡಿಗೆ. ನಾನು ಬೆರಳಲ್ಲಿ ಎಣಿಸುವಷ್ಟರಲ್ಲಿ ಅವಳು ಎಣಿಸಿ ಮುಗಿಸಿದ್ದಳು.

"ಅಣ್ಣಾ, ನಾಳೆ ಅಕ್ಕನ ಪರೀಕ್ಷೆ" ಎಂದೆ ನಾನು.

ಕಾಯೆತಾನೊ ತುತ್ತು ಬಾಯಲ್ಲಿಟ್ಟುಕೊಂಡೇ ಹೆಂಡತಿಯನ್ನು ನೋಡಿದ. "ಅಯ್ಯೋ ಹೌದಲ್ಲ" ಎಂದ. "ಕೈ ಎತ್ತುವಾಗ ನೆನಪಾಗ್ಲಿಲ್ಲ ಎರ್ಲಿ" ಎಂದ.

"ನೆನಪಾಗಿದ್ರೆ ಎತ್ತುತ್ತಿರಲಿಲ್ವಾ?" ಎಂದು ಮೂಲೆಯಿಂದ ದೋನ್ಯಾ ಇಲಾರಿಯಾ ಕೇಳಿದರು. ಅದು ಮಗನನ್ನು ಚುಚ್ಚಿದ್ದೋ ಸೊಸೆಯನ್ನೋ ತಿಳಿಯಲಿಲ್ಲ. ಅವನು ಇನ್ನೊಂದು ರೊಟ್ಟಿಗೆ ಕೈ ಚಾಚಿದ. ಅವಳು ಕೊಟ್ಟಳು.

ಆಗ ಪಟ್ಟಣಕ್ಕೆ ಯಾವ ವ್ಯಾನೂ ಇರಲಿಲ್ಲ. ಹೆದ್ದಾರಿಗೆ ಎರಡು ಗಂಟೆ ನಡಿಗೆ, ಅಲ್ಲಿಂದ ಅರ್ಧ ಗಂಟೆಗೊಂದು ಬಸ್ಸು. ಹಳೇ ನಾಲ್ಕಕ್ಕೆ ಹೊರಡುವುದು ಎಂದು ನಾವಿಬ್ಬರೂ ಮಾತಾಡಿಕೊಂಡೆವು. ನಾನು ದೆಲ್ಫೀನಾಳ ಮನೆಗೆ ಹೋಗಿ ಹೇಳಿದೆ. ಅವಳು ಸಭೆಯ ಹಿಂದಿನ ಬೆಂಚಿನಲ್ಲಿ ಕೂತು ಎಲ್ಲ ಕೇಳಿ ಬಂದಿದ್ದಳು.

"ನಡ್ಕೊಂಡಾ? ನಿಂಗೆ ಹುಚ್ಚಾ? ನಾನು ವ್ಯಾನಲ್ಲೇ ಬರ್ತೀನಿ. ಬಿಟ್ರೆ ಬರೀತೀನಿ, ಬಿಡದೇ ಇದ್ರೆ ಸಂತೇಲಿ ಒಂದು ಜೊತೆ ಚಪ್ಪಲಿ ತಗೊಂಡು ಬರ್ತೀನಿ" ಎಂದಳು.

ನಾನು ಮೂರೂಮುಕ್ಕಾಲಿಗೆ ಎದ್ದು ಮುಖ ತೊಳೆದು ಹೋದೆ. ಎರ್ಲಿಂದಕ್ಕ ಎರಡಕ್ಕೆ ಎದ್ದಿದ್ದಳು. ಗಿರಣಿ ತೆರೆಯುವುದು ಐದೂವರೆಗೆ, ಹಾಗಾಗಿ ಜೋಳವನ್ನು ಕಲ್ಲಿನ ಮೇಲೆ ಅರೆದಿದ್ದಳು. ಬೀನ್ಸ್ ಕಾಳು ಬೇಯಿಸಿ, ಗಂಜಿ ಕಾಸಿ, ಬೆಳಗಿನ ರೊಟ್ಟಿ ತಟ್ಟಿ ಬಟ್ಟೆಯಲ್ಲಿ ಸುತ್ತಿಟ್ಟು, ಭಾನುವಾರದ ಇಗರ್ಜಿಗೆ ಮಕ್ಕಳ ಅಂಗಿ ಮಡಚಿ, ಕೋಳಿಗೆ ಕಾಳು ಹಾಕಿ, ಮಧ್ಯಾಹ್ನದ ಹಿಟ್ಟಿಗೆ ಒದ್ದೆ ಬಟ್ಟೆ ಮುಚ್ಚಿದ್ದಳು. ದೊಡ್ಡ ಮಗಳು ಯುರಿತ್ಸಿಗೆ ಹದಿಮೂರು ವರ್ಷ, ಆ ವರ್ಷವೇ ಪಟ್ಟಣದ ದೊಡ್ಡ ಶಾಲೆಗೆ ಸೇರಿದ್ದಳು. ಬೆಳಗಿನ ಹೊಣೆ ಅವಳಿಗೆ ಒಪ್ಪಿಸಿದ್ದಳು. ಮೂರು ಗಂಟೆಯ ಹೊಣೆ ಯಾರಿಗೂ ಒಪ್ಪಿಸಿರಲಿಲ್ಲ.

ಕಾಯೆತಾನೊ ಟಾರ್ಚು ಹಿಡಿದು ಹೆದ್ದಾರಿಯವರೆಗೂ ನಮ್ಮ ಜೊತೆ ಬಂದ. ಯಾರೂ ಕೇಳಿರಲಿಲ್ಲ. ಮುಂದೆ ನಡೆಯುತ್ತಾ ಕಲ್ಲು ಇದ್ದಲ್ಲಿ "ಇಲ್ಲಿ ಕಲ್ಲು" ಎಂದು ಬೆಳಕು ತೋರಿಸುತ್ತಿದ್ದ. ಬಸ್ಸು ಬಂದಾಗ "ಹುಷಾರು" ಎಂದ. ಆಮೇಲೆ ಬೆಟ್ಟ ಹತ್ತಿ ಮನೆಗೆ ಹೋಗಿ, ಇಟ್ಟಿದ್ದನ್ನು ಉಂಡು, ಹತ್ತು ಗಂಟೆಯವರೆಗೆ ಮಲಗಿದನಂತೆ.

ಬಸ್ಸಿನಲ್ಲಿ ಅವಳಿಗೆ ಸೀಟು ಸಿಗಲಿಲ್ಲ. ಕಂಬಿ ಹಿಡಿದು ನಿಂತು ಗುಣಾಕಾರದ ಮಗ್ಗಿ ಹೇಳಿಕೊಳ್ಳುತ್ತಿದ್ದಳು. ಶಾಲೆಯ ಗೇಟು ಮುಟ್ಟಿದಾಗ ಹೊಸ ಗಂಟೆ ಎಂಟೂಕಾಲು. ಗೇಟಿನಲ್ಲಿ ಸರಪಳಿ ಹಾಕಿತ್ತು. ಅರ್ಧ ಗಂಟೆ ಕಾದ ಮೇಲೆ ಕೈಯಲ್ಲಿ ಬೀಗದ ಕೈಗಳ ಗೊಂಚಲು ಹಿಡಿದ ಒಬ್ಬ ಹೆಂಗಸು ಬಂದರು, ಪರೀಕ್ಷೆ ನೋಡಿಕೊಳ್ಳುವವರು.

"ಇಷ್ಟು ಬೇಗ ಯಾಕೆ ಬಂದ್ರಿ?"

"ಒಂಬತ್ತಕ್ಕೆ ಅಂತ ಇತ್ತಲ್ಲಮ್ಮ" ಎಂದೆ ನಾನು, ಕಾಗದ ತೋರಿಸಿ.

"ಕಾಗದದಲ್ಲಿ ಇರುತ್ತೆ. ಗಡಿಯಾರ ಬದಲಾಗೋ ಭಾನುವಾರ ಒಂಬತ್ತಕ್ಕೆ ಯಾರು ಬರ್ತಾರೆ? ಅರ್ಧ ಜನಕ್ಕೆ ನೆನಪಿರಲ್ಲ, ಇನ್ನರ್ಧ ಬೆಟ್ಟದ ಮೇಲಿನ ಊರಿನೋರು, ಬದಲಾಯಿಸೋದೇ ಇಲ್ಲ. ಪ್ರತಿ ವರ್ಷಾನೂ ನಾವು ಹತ್ತಕ್ಕೇ ಶುರು ಮಾಡೋದು."

"ಯಾರಿಗೆ ಗೊತ್ತಿತ್ತು ಅದು?" ಎಂದೆ.

"ಎಲ್ಲಾರಿಗೂ ಗೊತ್ತು" ಎಂದರು ಅವರು. ನಿಜವಾಗಿ ಆಶ್ಚರ್ಯಪಟ್ಟ ಹಾಗಿತ್ತು.

ನಾನು ಏಳು ವರ್ಷ ಪಾಠ ಹೇಳಿದವಳು. ಏಪ್ರಿಲ್ ಪರೀಕ್ಷೆಗೆ ಯಾರನ್ನೂ ಕರೆದುಕೊಂಡು ಬಂದಿರಲಿಲ್ಲವಾದ್ದರಿಂದ ನನಗದು ಗೊತ್ತಿರಲಿಲ್ಲ. ಎರ್ಲಿಂದಕ್ಕನ ಮುಖ ನೋಡಲು ಹಿಂಜರಿದೆ. ಅವಳು ಅಂಗಳದಲ್ಲಿ ನೇರಳೆ ಹೂವಿನ ಮರದ ಕೆಳಗಿನ ಸಿಮೆಂಟ್ ಕಟ್ಟೆಯ ಮೇಲೆ ಕೂತು, ಶಾಲನ್ನು ಮಡಿಲಲ್ಲಿ ಮಡಚಿಟ್ಟು, ಗೋಡೆ ನೋಡುತ್ತಿದ್ದಳು. ಅವಳು ಅಷ್ಟು ಹೊತ್ತು ಕೈಯಲ್ಲಿ ಕೆಲಸವಿಲ್ಲದೆ ಕೂತಿದ್ದನ್ನು ನಾನು ನೋಡಿದ್ದು ಅದೇ ಮೊದಲು.

ಒಂಬತ್ತೂಕಾಲು ದಾಟಿದ ಮೇಲೆ ದೆಲ್ಫೀನಾ ಬಂದಳು. ಜಡೆಗೆ ಹೊಸ ರಿಬ್ಬನ್ನು, ಕೈಯಲ್ಲಿ ಅರ್ಧ ತಿಂದ ಸಿಹಿ ಬನ್ನು. "ನೋಡಿದ್ರಾ? ಗೇಟು ತೆಗ್ದೇ ಇದೆ. ಏನೇ ಎರ್ಲಿಂದಾ, ಕಣ್ಣು ಹೀಗೆ ಕೆಂಪಗಿದೆ? ತಗೋ ತಿನ್ನು" ಎಂದು ಉಳಿದರ್ಧ ಬನ್ನು ಕೊಟ್ಟಳು. ಎರ್ಲಿಂದಕ್ಕ ತಿಂದಳು.

ಪರೀಕ್ಷೆ ಹತ್ತಕ್ಕೆ ಶುರುವಾಗಿ ಹನ್ನೆರಡಕ್ಕೆ ಮುಗಿಯಿತು. ಕಲಿಸಿದವರು ಅಂಗಳದಲ್ಲೇ ಇರಬೇಕು. ಕಿಟಕಿ ತೆರೆದಿತ್ತು. ಮೊದಲ ಮುಕ್ಕಾಲು ಗಂಟೆ ಅವಳು ತಲೆ ಎತ್ತದೆ ಬರೆಯುವುದು ಕಾಣುತ್ತಿತ್ತು. ಪೆನ್ಸಿಲು ಚಿವುಟಿಕೊಂಡ ಹಾಗೆ ಹಿಡಿದಿದ್ದಳು. ಆಮೇಲೊಮ್ಮೆ ನೋಡಿದಾಗ ಅವಳ ಕೆನ್ನೆ ಕಾಗದದ ಮೇಲಿತ್ತು. ಜಡೆ ಮೇಜಿನಿಂದ ಕೆಳಗೆ ಇಳಿಬಿದ್ದಿತ್ತು. ನಾನು ಕಿಟಕಿಯ ಹತ್ತಿರ ಹೋಗಿ ಕೆಮ್ಮಿದೆ. ಅವಳು ಏಳಲಿಲ್ಲ. ಮತ್ತೆ ಕೆಮ್ಮಿದೆ. ಒಳಗಿದ್ದ ಹೆಂಗಸು ನನ್ನ ಕಡೆ ಕೈ ಬೀಸಿ ದೂರ ಹೋಗಲು ಹೇಳಿದರು. ದೆಲ್ಫೀನಾಳ ಮೇಜು ಎರಡು ಸಾಲು ಮುಂದಿತ್ತು, ಅವಳಿಗೆ ಕಾಣುವಂತಿರಲಿಲ್ಲ.

ಹನ್ನೆರಡಕ್ಕೆ ಕಾಗದ ಕೂಡಿಸಿಕೊಳ್ಳುವಾಗ ಆ ಹೆಂಗಸು ಅವಳ ಭುಜ ಮುಟ್ಟಿದರು. ಹೊರಗೆ ಬಂದು ನನಗೆ ಹೇಳಿದರು: "ಎಬ್ಬಿಸೋಣ ಅಂತ ಎರಡು ಸಲ ಹತ್ರ ಹೋದೆ. ಆ ನಿದ್ದೆ ನೋಡಿ ಮನಸ್ಸು ಬರ್ಲಿಲ್ಲ. ಮನೇಲಿ ಏನಾದ್ರೂ ಕಾಯಿಲೆ ಗೀಯಿಲೆ ಇದೆಯಾ?"

"ಇಲ್ಲ" ಎಂದೆ.

ಎರ್ಲಿಂದಕ್ಕನ ಕೆನ್ನೆಯ ಮೇಲೆ ಪೆನ್ಸಿಲಿನ ಗೀರು ಬಿದ್ದಿತ್ತು. ಅಕ್ಕಾ ಏನಾಯ್ತು ಎಂದು ಕೇಳಿದ್ದಕ್ಕೆ "ನಿದ್ದೆ ಬಂತು" ಎಂದಳು. ಅವಳ ದನಿಯಲ್ಲಿ ದುಃಖವಾಗಲಿ ನಾಚಿಕೆಯಾಗಲಿ ನನಗೆ ಕೇಳಲಿಲ್ಲ. ಆಮೇಲೆ "ಗಂಟೆ ಎಷ್ಟು?" ಎಂದಳು.

"ಹನ್ನೆರಡೂ ಐದು. ಹೊಸದು."

"ಹಾಗಾದ್ರೆ ಹನ್ನೊಂದು. ಹಳೇ ಒಂದರ ವ್ಯಾನು ಸಿಕ್ಕಿದ್ರೆ ಮೂರರೊಳಗೆ ಮನೇಲಿರ್ಬಹುದು."

ವ್ಯಾನು ಸಿಕ್ಕಿತು. ನಾನು ಅವಳ ಜೊತೆ ಅವಳ ಮನೆಗೇ ಹೋದೆ. ಯಾಕೆ ಹೋದೆನೋ ಗೊತ್ತಿಲ್ಲ, ಬಹುಶಃ ಅವಳಿಗಿಂತ ಮೊದಲು ನಾನೇ ವಿಷಯ ಹೇಳಿಬಿಡೋಣ ಎಂದಿರಬಹುದು. ಅವಳು ಒಳಗೆ ಹೋಗಿ ಶಾಲು ಮೊಳೆಗೆ ಹಾಕಿ, ಕೈ ತೊಳೆದು, ಒಲೆ ಊದಿದಳು. ಹೆಂಚು ಕಾಯುವ ಹೊತ್ತಿಗೆ ಕಾಯೆತಾನೊ ಬಂದು ಕೂತ.

"ಬರೆದ್ಯಾ?"

"ಅರ್ಧ ಬರೆದೆ. ಇನ್ನರ್ಧ ಮಲಗಿದ್ದೆ."

ಅವನು ನಕ್ಕ. ತಮಾಷೆ ಎಂದುಕೊಂಡಿದ್ದ. ನಾನು ನಗದಿದ್ದುದನ್ನು ನೋಡಿ ನಿಲ್ಲಿಸಿದ. "ಪರೀಕ್ಷೇಲಾ?"

"ಹೂಂ."

"ಮಲಗೋಕೆ ಅಷ್ಟು ದೂರ ಹೋಗ್ಬೇಕಿತ್ತಾ?" ಎಂದರು ದೋನ್ಯಾ ಇಲಾರಿಯಾ.

"ಇಲ್ಲಿ ಎಲ್ಲಿ ಜಾಗ ಇತ್ತು, ಅತ್ತೆ?" ಎಂದಳು ಎರ್ಲಿಂದಕ್ಕ. ಜಗಳದ ದನಿಯಲ್ಲ. ಉಪ್ಪು ಎಲ್ಲಿದೆ ಎಂದು ಕೇಳಿದ ಹಾಗೆ. ಕಾಯೆತಾನೊ ಆ ದಿನ ಏಳೇ ರೊಟ್ಟಿ ತಿಂದು ಸಾಕು ಎಂದ. ಉಳಿದ ಹಿಟ್ಟನ್ನು ಅವಳು ಮಕ್ಕಳಿಗೆ ತಟ್ಟಿದಳು.

ಮೂರು ವಾರಕ್ಕೆ ಫಲಿತಾಂಶ ಬಂತು. ಪಾಸಾಗಲು ಅರವತ್ತು ಬೇಕು. ದೆಲ್ಫೀನಾಗೆ ಅರವತ್ತಾರು. ಎರ್ಲಿಂದಕ್ಕನಿಗೆ ನಲವತ್ತೆಂಟು. ಬರೆದದ್ದರಲ್ಲಿ ತಪ್ಪು ಎರಡೇ ಇದ್ದವು, ಉಳಿದ ಪುಟಗಳು ಖಾಲಿ. ಲಕೋಟೆ ನನ್ನ ಕೈಗೆ ಬಂದದ್ದು ಒಂದು ಶನಿವಾರ. ಅದೇ ಸಂಜೆ ಊರ ಸಭೆ ಮತ್ತೆ ಸೇರಿ, ವ್ಯಾನುಗಳು ಮೊದಲಿನ ಹಾಗೆ ಹೊಸ ಗಂಟೆಗೇ ಹೋಗಲಿ ಎಂದು ತೀರ್ಮಾನಿಸಿತು. ದೊಡ್ಡ ಶಾಲೆಗೆ ಪಟ್ಟಣಕ್ಕೆ ಹೋಗುವ ಮಕ್ಕಳಿಗೆ ಮೊದಲ ಪಿರಿಯಡ್ಡು ತಪ್ಪುತ್ತಿದೆ ಎಂದು ತಾಯಂದಿರು ಹೇಳಿ ಕಳಿಸಿದ್ದನ್ನು ಸಭೆ ಆ ಮೊದಲು ಎತ್ತಿಕೊಂಡಿರಲಿಲ್ಲ. ಪಟ್ಟಣದ ರಾಳದ ವ್ಯಾಪಾರಿ ಹೊಸ ಹನ್ನೆರಡಕ್ಕೆ ಬಾಗಿಲು ಹಾಕುತ್ತಾನೆ, ಗಂಡಸರು ಹತ್ತರ ವ್ಯಾನಿನಲ್ಲಿ ಡಬ್ಬ ಹೊತ್ತು ಹೋಗುವಷ್ಟರಲ್ಲಿ ಹೊತ್ತು ಮೀರುತ್ತಿತ್ತು. ಅದಕ್ಕಾಗಿ ಕೈ ಎತ್ತಿದರು. ನಿರ್ಣಯ ಜಾರಿಯಲ್ಲಿದ್ದದ್ದು ಮೂರು ವಾರ, ಅದರಲ್ಲಿ ಎರಡು ವಾರ ಈಸ್ಟರ್ ರಜೆ.

ಭಾನುವಾರ ಬೆಳಿಗ್ಗೆ ಎರಡು ಸುದ್ದಿಯನ್ನೂ ನಾನೇ ತೆಗೆದುಕೊಂಡು ಹೋದೆ. ಅವಳು ಜಗುಲಿಯಲ್ಲಿ ಕೂತು ಮೊರದಲ್ಲಿ ಕಾಳು ಆರಿಸುತ್ತಿದ್ದಳು. ಅಂಕ ಹೇಳಿದೆ. "ಸರಿ" ಎಂದಳು. ಮೇ ಒಂದರ ರಜೆ ಮುಗಿದ ಮೇಲೆ ದೆಲ್ಫೀನಾ ಆಸ್ಪತ್ರೆ ಸೇರುತ್ತಾಳೆ ಎಂದೆ. "ಒಳ್ಳೇದಾಯ್ತು. ಅವಳಿಗೂ ಬೇಕಿತ್ತು" ಎಂದಳು. ನವೆಂಬರ್‌ನಲ್ಲಿ ಇನ್ನೊಂದು ಪರೀಕ್ಷೆ ಇದೆ, ಹೆಸರು ಬರೆಸಲಾ ಎಂದು ಕೇಳಿದೆ. ಅದಕ್ಕೆ ಅವಳು ಹೌದು ಎನ್ನಲಿಲ್ಲ, ಬೇಡ ಎನ್ನಲೂ ಇಲ್ಲ.

ಆಮೇಲೆ ವ್ಯಾನಿನ ವಿಷಯ ಹೇಳಿದೆ.

ಮೊರ ಆಡಿಸುತ್ತಿದ್ದ ಕೈ ನಿಂತಿತು. "ಯಾವತ್ತಿಂದ?"

"ನಾಳೆಯಿಂದ್ಲೇ."

"ಏಳಕ್ಕೆ? ಹೊಸದು?"

"ಹೊಸದು."

"ಹಾಗಾದ್ರೆ ಯುರಿತ್ಸಿ ಹಳೇ ಆರಕ್ಕೆ ಮನೆ ಬಿಡ್ಬೇಕು" ಎಂದಳು. ಕಾಳನ್ನು ಪಾತ್ರೆಗೆ ಸುರಿದು, ಲಂಗದ ಮಡಿಲು ಕೊಡವಿ ಎದ್ದಳು. ಒಳಗೆ ಹೋಗುತ್ತಾ ನನ್ನ ಕಡೆ ತಿರುಗದೆ ಹೇಳಿದಳು: "ಮೂರೂವರೆಗೆ ಏಳ್ಬೇಕಾಗುತ್ತೆ. ನಾಳೆಯ ಜೋಳ ಈಗ್ಲೇ ಬೇಯೋಕಿಡ್ತೀನಿ."